66ರ ಬೀಟಲ್‌ಗೆ ಮುಂದೆ ದಪ್ಪ ಸ್ವೇ ಬಾರ್ ಹಾಕಿದವರು ಇದ್ದೀರಾ? (ತಿದ್ದುಪಡಿ: ಗಾಡಿ 65ರದ್ದಂತೆ!)

ದುಂಬಿ66 (ಮೈಸೂರು)

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಇಲ್ಲಿ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ, ಬರೆಯುತ್ತಿರುವುದು ಇದೇ ಮೊದಲು. ನನ್ನ ಹತ್ತಿರ ದೊಡ್ಡಪ್ಪನ ಕಾಲದ ಫೋಕ್ಸ್‌ವ್ಯಾಗನ್ ಬೀಟಲ್ ಕಾರು ಇದೆ. 1966, 1200 ಸಿಸಿ, ಬಣ್ಣ ಒಂದು ಕಾಲದಲ್ಲಿ ನೀಲಿ. ಎಂಜಿನ್ ಕೆಲಸ, ಬ್ರೇಕ್ ಕೆಲಸ ಎಲ್ಲ ಮುಗಿದಿದೆ. ನೇರ ರಸ್ತೆಯಲ್ಲಿ ಗಾಡಿ ಚಿನ್ನ. ತಿರುವು ಬಂತೆಂದರೆ ದೋಣಿ.

ಕಳೆದ ತಿಂಗಳು ಮಡಿಕೇರಿಯಿಂದ ಇಳಿದು ಬರುತ್ತಿದ್ದೆ. ಸುಂಟಿಕೊಪ್ಪಕ್ಕೆ ಮುಂಚೆ ಒಂದು ಎಡ ತಿರುವು. ಸ್ಪೀಡ್ ಅಂಥದ್ದೇನೂ ಇರಲಿಲ್ಲ, ಐವತ್ತೈದು ಇರಬಹುದು. ಎದುರಿಗೆ ಒಂದು ಬಸ್ಸು ಪೂರ್ತಿ ರಸ್ತೆ ತನ್ನದೇ ಅನ್ನೋ ಹಾಗೆ ಬಂತು, ನಾನು ಗಾಬರಿಯಾಗಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದೆ, ಬ್ರೇಕ್ ಕೂಡ ಒತ್ತಿರಲಿಲ್ಲ, ಅಷ್ಟಕ್ಕೇ ಗಾಡಿಯ ಹಿಂಭಾಗ ಎದ್ದ ಹಾಗಾಗಿ ಬಲಕ್ಕೆ ಜಾರಿತು. ಪಕ್ಕದಲ್ಲಿ ಅಮ್ಮ, ಮಡಿಲಲ್ಲಿ ಕಿತ್ತಳೆ ಚೀಲ. ಹಣ್ಣೆಲ್ಲ ಕಾಲಡಿ. ಹೇಗೋ ಸರಿಯಾಯಿತು. ಆದರೆ ಅಮ್ಮ ಆವತ್ತಿನಿಂದ ಈ ಗಾಡಿ ಹತ್ತಲ್ಲ ಅಂತಿದ್ದಾರೆ.

ಚಿಕ್ಕಪ್ಪನ ಮಗ ನ್ಯೂಜೆರ್ಸಿಯಿಂದ ಮುಂದಿನ ತಿಂಗಳು ಬರುತ್ತಿದ್ದಾನೆ. ಅಲ್ಲಿ ಬೀಟಲ್‌ಗೆ ಮುಕ್ಕಾಲು ಇಂಚಿನ ಮುಂದಿನ ಸ್ವೇ ಬಾರ್ (ವಾಲಾಟ ತಡೆಯುವ ಸರಳು) ಕಿಟ್ ಸಿಗುತ್ತೆ, ಅಂದರೆ 19 ಮಿಲಿಮೀಟರ್. ತರಿಸಲಾ? ಹಾಕಿದರೆ ಈ ಜಾರಾಟ ನಿಲ್ಲುತ್ತಾ? ನಮ್ಮ ಹಂಪ್‌ಗಳ ಮೇಲೆ ಸೊಂಟ ಮುರಿಯೋ ಹಾಗಾಗಲ್ಲ ಅಲ್ವಾ?

ಗ್ರೀಸ್‌ಗನ್ (ಬೆಂಗಳೂರು)

ಬಾರ್ ಆಮೇಲೆ ನೋಡೋಣ. ಮೊದಲು ಒಂದು ಪ್ರಶ್ನೆ, ನಿಜ ಹೇಳಿ. ಟೈರ್‌ಗೆ ಗಾಳಿ ಎಷ್ಟು ಹಾಕಿಸಿದ್ದೀರಿ?

ದುಂಬಿ66

ಮುಂದೆ 30, ಹಿಂದೆ 30 ಸರ್. ಪಂಕ್ಚರ್ ಅಂಗಡಿಯವನು ಎಲ್ಲ ಕಾರಿಗೂ ಅಷ್ಟೇ ಅಂತಾನೆ. ಯಾಕೆ?

ಗ್ರೀಸ್‌ಗನ್

ಅಂದುಕೊಂಡೆ. ನಿಮ್ಮ ಅರ್ಧ ರೋಗ ಅಲ್ಲೇ ಇದೆ ಸ್ವಾಮಿ.

ಈ ಗಾಡಿಗೆ ಎಂಜಿನ್ನೂ ಗೇರ್‌ಬಾಕ್ಸೂ ಹಿಂದೆ. ಭಾರ ಹೆಚ್ಚುಕಡಿಮೆ ನಲವತ್ತು ಪಾಲು ಮುಂದೆ, ಅರವತ್ತು ಪಾಲು ಹಿಂದೆ. ಅದಕ್ಕೇ ಕಂಪನಿಯವರು ಹಳೇ 5.60-15 ಟೈರ್‌ಗೆ ಮುಂದೆ 16, ಹಿಂದೆ 24 ಪಿಎಸ್‌ಐ ಅಂತ ಬರೆದಿದ್ದರು. ಇಬ್ಬರು ಕೂತಾಗಿನ ಲೆಕ್ಕ ಇದು. ರೇಡಿಯಲ್ ಹಾಕಿದ್ದರೆ ಎರಡೂ ಕಡೆ ಎರಡು ಮೂರು ಜಾಸ್ತಿ ಮಾಡಿಕೊಳ್ಳಿ, ಆದರೆ ಮುಂದಕ್ಕೂ ಹಿಂದಕ್ಕೂ ಇರುವ ಆ ಎಂಟರ ಅಂತರ ಬಿಡಬೇಡಿ. ಮುಂದಿನ ಟೈರ್ ಸ್ವಲ್ಪ ಮೆತ್ತಗಿದ್ದರೆ ಮೂತಿ ನಿಧಾನಕ್ಕೆ ತಿರುಗುತ್ತೆ, ಹಿಂಭಾಗ ನೆಟ್ಟಗೆ ಹಿಂಬಾಲಿಸುತ್ತೆ. ನಾಲ್ಕಕ್ಕೂ 30 ಹೊಡೆಸಿದರೆ ಮೂತಿ ಚುರುಕು, ಬಾಲ ಸಡಿಲ. ಪಂಕ್ಚರ್ ಅಂಗಡಿಯವನಿಗೆ 16 ಅಂದರೆ ನಿಮ್ಮ ಮುಖ ನೋಡಿ ನಗ್ತಾನೆ. ನಗಲಿ ಬಿಡಿ. ಸ್ವಂತದ್ದೊಂದು ಗೇಜ್ ಇಟ್ಟುಕೊಳ್ಳಿ.

ಇನ್ನು ಮಿಕ್ಕ ಅರ್ಧ. ನಿಮ್ಮದರಲ್ಲಿರುವುದು ಸ್ವಿಂಗ್ ಆಕ್ಸಲ್. ಹಿಂದಿನ ಆಕ್ಸಲ್‌ಗೆ ಗೇರ್‌ಬಾಕ್ಸ್ ಪಕ್ಕದಲ್ಲಿ ಒಂದೇ ಕೀಲು, ಚಕ್ರದ ಹತ್ತಿರ ಕೀಲಿಲ್ಲ. ಹಿಂದೆ ಜ್ಯಾಕ್ ಕೊಟ್ಟು ಎತ್ತಿ ನೋಡಿ, ಕೋಳಿ ಎತ್ತಿ ಹಿಡಿದರೆ ಕಾಲು ಒಳಕ್ಕೆ ಎಳೆದುಕೊಳ್ಳುತ್ತಲ್ಲ, ಹಾಗೇ ಎರಡೂ ಚಕ್ರದ ಕೆಳಭಾಗ ಒಳಕ್ಕೆ ಹೋಗುತ್ತೆ. ತಿರುವಿನ ಮಧ್ಯೆ ಕಾಲು ತೆಗೆದಾಗ ಭಾರ ಮುಂದಕ್ಕೆ ಓಡಿತು, ಹಿಂಭಾಗ ಎದ್ದಿತು, ಹೊರಗಿನ ಚಕ್ರ ಕಾಲು ಮಡಚಿತು. ನಿಮಗೆ ಎದ್ದ ಹಾಗೆ ಅನಿಸಿದ್ದು ಭ್ರಮೆ ಅಲ್ಲ, ನಿಜವಾಗಿಯೂ ಎದ್ದಿತ್ತು.

ಗಾಳಿ ಸರಿ ಮಾಡಿಸಿ, ಶಾಕ್ಸ್ ನೋಡಿಸಿ, ಒಂದು ವಾರ ಓಡಿಸಿ. ಆಮೇಲೂ ಬೇಕು ಅನಿಸಿದರೆ ಬಾರ್ ತರಿಸಿ. ಒಳ್ಳೆಯದೇ.

ಮಿಷಿಗನ್ ಮಾವ

ಗ್ರೀಸ್‌ಗನ್ ಹೇಳಿದ್ದಕ್ಕೆ ಒಂದು ಬಾಲಂಗೋಚಿ. ನಾನಿರುವ ಊರಿನ ಕಡೆ ಇದೇ ರೋಗದ ಇನ್ನೊಂದು ಕಾರು ಇತ್ತು, ಷೆವರ್ಲೆ ಕಾರ್ವೇರ್. ಅದಕ್ಕೂ ಹಿಂದೆ ಎಂಜಿನ್, ಅದಕ್ಕೂ ಸ್ವಿಂಗ್ ಆಕ್ಸಲ್. 1960ರಿಂದ 63ರವರೆಗಿನ ಮಾಡೆಲ್‌ಗಳಿಗೆ ಮುಂದಿನ ಸ್ಟೆಬಿಲೈಸರ್ ಬಾರ್ (ಸ್ವೇ ಬಾರ್‌ನದೇ ಇನ್ನೊಂದು ಹೆಸರು) ಸ್ಟ್ಯಾಂಡರ್ಡ್ ಆಗಿ ಬರುತ್ತಿರಲಿಲ್ಲ. ಅದರ ಬದಲು ಟೈರ್ ಗಾಳಿಯಲ್ಲೇ ನಿಭಾಯಿಸಿ ಅಂದಿದ್ದರು, ಮುಂದೆ 15, ಹಿಂದೆ 26. ಇಲ್ಲಿನ ಪೆಟ್ರೋಲ್ ಬಂಕಿನವರೂ ನಿಮ್ಮ ಪಂಕ್ಚರ್ ಅಂಗಡಿಯವನ ಸಂಬಂಧಿಕರೇ, ಎಲ್ಲಕ್ಕೂ ಒಂದೇ ಅಳತೆ ಹೊಡೆದು ಕಳಿಸುತ್ತಿದ್ದರು. ಆಮೇಲೆ 1964ರ ಮಾಡೆಲ್‌ಗೆ ಮುಂದೆ ಬಾರ್, ಹಿಂದೆ ಒಂದು ಅಡ್ಡ ಪಟ್ಟಿ ಸ್ಪ್ರಿಂಗ್ ಹಾಕಿದರು. 1965ಕ್ಕೆ ಸ್ವಿಂಗ್ ಆಕ್ಸಲ್ಲನ್ನೇ ಬಿಟ್ಟರು. ಅದೇ ವರ್ಷ ರಾಲ್ಫ್ ನೇಡರ್ ಅನ್ನೋ ವಕೀಲ ಆ ಹಳೇ ಕಾರ್ವೇರ್ ಬಗ್ಗೆ ಬರೆದು ದೇಶವೆಲ್ಲ ಗಲಾಟೆ ಆಯಿತು. 1972ರಲ್ಲಿ ಸರ್ಕಾರದವರೇ ಪರೀಕ್ಷೆ ಮಾಡಿ, ಆ ಕಾಲದ ಬೇರೆ ಕಾರುಗಳಿಗಿಂತ ಇದೇನೂ ಕೆಟ್ಟದಾಗಿರಲಿಲ್ಲ ಅಂದರು. ಅಷ್ಟರಲ್ಲಿ ಕಾರು ನಿಂತೇ ಹೋಗಿತ್ತು, ಅದು ಬೇರೆ ಮಾತು.

ಬೀಟಲ್ ವಾಸಿ. 1960ರ ಮಾಡೆಲ್‌ನಿಂದಲೇ ಫ್ಯಾಕ್ಟರಿಯಿಂದ ಮುಂದೆ ಸಣ್ಣ ಬಾರ್ ಬರುತ್ತೆ. ನಿಮ್ಮ ಗಾಡಿಯಲ್ಲೂ ಇರಬೇಕು, ಬಗ್ಗಿ ನೋಡಿ.

ಸುಮ್ನೆ_ನೋಡ್ತೀನಿ

ತಪ್ಪು ತಿಳಿಯಬೇಡಿ, ನನಗೆ ಗಾಡಿ ಗೊತ್ತಿಲ್ಲ, ಆಸೆ ಮಾತ್ರ ಇದೆ. ಈ ಬಾರ್ ಅಂದರೆ ಏನು? ಅದೂ ಸ್ಪ್ರಿಂಗೇನಾ? ಮುಂದಿನ ಬಾರ್ ಹಾಕಿದರೆ ಹಿಂದಿನ ಜಾರಾಟ ಹೇಗೆ ಕಡಿಮೆಯಾಗುತ್ತೆ? ಹಲ್ಲು ನೋವಿಗೆ ಮೊಣಕಾಲಿಗೆ ಮುಲಾಮು ಹಚ್ಚಿದ ಹಾಗಿದೆ.

ಗ್ರೀಸ್‌ಗನ್

ಒಳ್ಳೆ ಪ್ರಶ್ನೆ. ಎಷ್ಟೋ ಮೆಕ್ಯಾನಿಕ್‌ಗಳೂ ಇದನ್ನು ಕೇಳಿಕೊಂಡಿರಲ್ಲ.

ಇಬ್ಬರು ಸೇರಿ ಒದ್ದೆ ಕಂಬಳಿ ಹಿಂಡುವುದು ನೋಡಿದ್ದೀರಲ್ಲ? ಒಬ್ಬ ಈ ಕಡೆ ತಿರುಗಿಸಿ ಇನ್ನೊಬ್ಬ ಆ ಕಡೆ ತಿರುಗಿಸಿದರೆ ಕಂಬಳಿ ಬಿಗಿಯುತ್ತೆ, ಕೈಗೆ ತಿರುಗಿ ಒತ್ತುತ್ತೆ. ಇಬ್ಬರೂ ಒಂದೇ ಕಡೆ ತಿರುಗಿಸಿದರೆ? ಕಂಬಳಿ ಸುಮ್ನೆ ಉರುಳುತ್ತೆ, ಹಿಂಡುವುದೇ ಇಲ್ಲ. ಬಾರ್ ಕೂಡ ಅಷ್ಟೇ. ಯು ಆಕಾರದ ಉಕ್ಕಿನ ಸರಳು, ಅದರ ಒಂದೊಂದು ತುದಿ ಒಂದೊಂದು ಮುಂದಿನ ಚಕ್ರದ ತೋಳಿಗೆ ಕಟ್ಟಿರುತ್ತೆ. ಹಂಪ್ ಮೇಲೆ ಎರಡೂ ಚಕ್ರ ಒಟ್ಟಿಗೆ ಎದ್ದರೆ ಅದಕ್ಕೆ ಕೆಲಸವಿಲ್ಲ. ತಿರುವಿನಲ್ಲಿ ಗಾಡಿ ವಾಲಿ ಒಂದು ಚಕ್ರ ಮೇಲೆ, ಇನ್ನೊಂದು ಕೆಳಗೆ ಹೋದಾಗ ತಿರುಚಿಕೊಂಡು ವಾಲುವುದನ್ನು ತಡೆಯುತ್ತೆ. ಒಂದೇ ಚಕ್ರ ಗುಂಡಿಗೆ ಬಿದ್ದಾಗಲೂ ತಿರುಚುತ್ತೆ, ಆಗ ಆ ಪೆಟ್ಟು ಸ್ವಲ್ಪ ಪಕ್ಕದ ಚಕ್ರಕ್ಕೂ ಹೋಗುತ್ತೆ. ನಮ್ಮ ರಸ್ತೆಯಲ್ಲಿ ಅದಕ್ಕೆ ಕೊಡಬೇಕಾದ ಬೆಲೆ ಇದೇ.

ದಪ್ಪದ ವಿಷಯ ಮೋಸದ್ದು. ದಪ್ಪ ಎರಡು ಪಟ್ಟಾದರೆ ಬಿಗಿ ಎರಡು ಪಟ್ಟಲ್ಲ, ಹದಿನಾರು ಪಟ್ಟು. 12 ಮಿಲಿಮೀಟರ್ ಬಾರ್ ತೆಗೆದು ಅದೇ ಆಕಾರದ 19ರದ್ದು ಹಾಕಿದರೆ ಸುಮಾರು ಆರು ಪಟ್ಟು. ಕಣ್ಣಿಗೆ ಹೆಬ್ಬೆರಳಿಗೂ ತೋರುಬೆರಳಿಗೂ ಇರುವಷ್ಟೇ ವ್ಯತ್ಯಾಸ, ಆದರೆ ತಿರುಚಲು ಹೋದರೆ ಗೊತ್ತಾಗುತ್ತೆ.

ಇನ್ನು ಮೊಣಕಾಲಿನ ಮುಲಾಮು. ತಿರುವಿನಲ್ಲಿ ಒಳ ಚಕ್ರಗಳಿಂದ ಹೊರ ಚಕ್ರಗಳಿಗೆ ಇಷ್ಟು ಭಾರ ಹೋಗಲೇಬೇಕು ಅಂತ ಇರುತ್ತೆ. ಅದನ್ನು ಯಾವ ಬಾರೂ ಕಡಿಮೆ ಮಾಡಲ್ಲ. ಬಾರ್ ಮಾಡುವುದು ಪಾಲು ಹಂಚಿಕೆ. ಮುಂದೆ ಬಿಗಿ ಮಾಡಿದರೆ ಆ ಹೊರೆಯ ದೊಡ್ಡ ಪಾಲು ಮುಂದಿನವರು ಹೊರುತ್ತಾರೆ, ಹಿಂದಿನವರ ಮೇಲೆ ಹೊರೆ ಇಳಿಯುತ್ತೆ. ಹಿಂದಿನ ಹೊರ ಚಕ್ರ ಮಡಚುವ ಹಂತಕ್ಕೆ ಬೇಗ ಹೋಗಲ್ಲ. ಅದಕ್ಕೇ ಹಿಂದಿನ ರೋಗಕ್ಕೆ ಮುಂದೆ ಮದ್ದು.

ಅಂಬಿ_ಗಾಡಿ (ದಾವಣಗೆರೆ)

ನನ್ನ ಅಂಬಾಸಡರ್‌ಗೂ ಇದೇ ಹಾಕಬಹುದಾ ಗುರು? ಅದೂ ತಿರುವಿನಲ್ಲಿ ಹಡಗೇ.

ಗ್ರೀಸ್‌ಗನ್

ಬೀಟಲ್‌ದು ಕೂರಲ್ಲ. ಮೇಲಾಗಿ ನಿಮ್ಮದರಲ್ಲಿ ಹಿಂದೆ ಗಟ್ಟಿ ಆಕ್ಸಲ್, ಕಮಾನ್ ಪಟ್ಟಿ. ವಾಲುತ್ತೆ, ಆದರೆ ಕಾಲು ಮಡಚಲ್ಲ. ಬೇರೆ ಚರ್ಚೆ ಶುರು ಮಾಡಿ, ಅಲ್ಲಿ ಬೈಯೋಣ.

ಪುತ್ತೂರ್_ಹುಳ

ನಾನೂ ಬಂದೆ ಮಾರಾಯ್ರೇ. ನನ್ನದು 68ರ ಬೀಟಲ್. ನಮ್ಮ ಕಡೆಯ ಮಾತು ಒಂದುಂಟು. ಬಾರ್ ಹಾಕುವ ಮುಂಚೆ ಅದನ್ನು ಹೊರುವ ಜಾಗ ಗಟ್ಟಿ ಉಂಟಾ ನೋಡಿ. ಮುಂದಿನ ಬೀಮ್, ಅಂದರೆ ಮುಂದಿನ ಚಕ್ರದ ತೋಳುಗಳನ್ನು ಹಿಡಿದಿರುವ ಅಡ್ಡ ಕೊಳವೆಗಳ ಜೋಡಿ, ನಾಲ್ಕು ಬೋಲ್ಟಿನಲ್ಲಿ ಚಾಸಿಯ ತಲೆಗೆ ಕೂತಿರುತ್ತದೆ, ಆ ತಲೆಯೊಳಗೆ ನೀರು ನಿಂತು ಒಳಗಿಂದಲೇ ತಿನ್ನುತ್ತದೆ. ಹೊರಗಿಂದ ಅಂಡರ್‌ಕೋಟ್ ಬಳಿದು ಕಪ್ಪಗೆ ಚಂದ ಕಾಣುತ್ತದೆ. ನಾನು ಸ್ಕ್ರೂಡ್ರೈವರ್‌ನಿಂದ ಕುಟ್ಟಿ ನೋಡಿದೆ, ಎರಡು ಕಡೆ ಟಣ್ ಅಂತು, ಮೂರನೇ ಕಡೆ ಸ್ಕ್ರೂಡ್ರೈವರ್ ಒಳಗೆ ಹೋಯಿತು. ಒಂದು ಮಳೆಗಾಲ ಪೂರ್ತಿ ಗಾಡಿ ವೆಲ್ಡಿಂಗ್ ಅಂಗಡಿಯಲ್ಲೇ.

ಈಗ ಎಲ್ಲ ಸರಿ ಉಂಟು. ನನಗೂ ಒಂದು ದಪ್ಪ ಬಾರ್ ಬೇಕು ಅಂತ ಆಸೆ. ಚಾರ್ಮಾಡಿಯಲ್ಲಿ ಹೆಂಡತಿ ಕಣ್ಣು ಮುಚ್ಚಿ ಕೂರುತ್ತಾಳೆ.

ದುಂಬಿ66

ಮೊದಲು ಗಾಳಿಯ ವಿಷಯ. ಈಗ ಮುಂದೆ 18, ಹಿಂದೆ 26, ರೇಡಿಯಲ್ ಇದೆ. ದೇವರಾಣೆ, ಬೇರೆ ಗಾಡಿ ಓಡಿಸಿದ ಹಾಗಿದೆ. ಸ್ಟೀರಿಂಗ್ ಸ್ವಲ್ಪ ಭಾರ, ಆದರೆ ಹಿಂಭಾಗದ ಆ ಚಡಪಡಿಕೆ ಮುಕ್ಕಾಲು ಹೋಯಿತು. ವಾಲುವುದು ಮಾತ್ರ ಹಾಗೇ ಇದೆ.

ಬಗ್ಗಿ ನೋಡಿದೆ. ಹಳೇ ಬಾರ್ ಇದೆ, ವರ್ನಿಯರ್ ಇಟ್ಟರೆ 12ರ ಹತ್ತಿರ ಬಂತು. ಒಂದೊಂದು ಕಡೆ ಎರಡೆರಡು ತಗಡಿನ ಕ್ಲಾಂಪ್, ಒಳಗೆ ರಬ್ಬರ್. ರಬ್ಬರ್ ಅನ್ನಬಾರದು, ಉಗುರು ತಾಗಿಸಿದರೆ ಕಾಫಿ ಪುಡಿ ಹಾಗೆ ಉದುರಿತು. ಎಡಗಡೆ ಒಂದು ಕ್ಲಾಂಪ್ ಇಲ್ಲವೇ ಇಲ್ಲ. ಯಾವುದೋ ಕಾಲದಲ್ಲಿ ಯಾರೋ ಪುಣ್ಯಾತ್ಮ ಲಾರಿ ಟ್ಯೂಬಿನ ತುಂಡು ಸುತ್ತಿ ಬೈಂಡಿಂಗ್ ವೈರ್ ಬಿಗಿದಿದ್ದಾನೆ. ಇಷ್ಟು ದಿನ ಅದೇ ನಮ್ಮನ್ನು ಕಾಪಾಡಿದ್ದು.

ಹಾಗಾಗಿ ಬಾರ್ ತರಿಸುತ್ತಿದ್ದೇನೆ. 66ರಿಂದ ಮುಂದಿನ ಗಾಡಿಗೆ ಅಂತ ಇರುವ ಕಿಟ್ ಆರ್ಡರ್ ಆಯಿತು.

ದುಂಬಿ66 (ಐದು ವಾರದ ನಂತರ)

ಬೈಯಿರಿ. ಬಾರ್ ಬಂತು, ಕೂರುತ್ತಿಲ್ಲ.

ತಮ್ಮ ಬಟ್ಟೆ ಪೆಟ್ಟಿಗೆ ಬಿಟ್ಟು ಇದಕ್ಕೇ ಒಂದು ಡಬ್ಬ ಮಾಡಿಸಿ ತಂದಿದ್ದ. ಏರ್‌ಪೋರ್ಟಿನಲ್ಲಿ ಇದೇನು ಅಂತ ಕೇಳಿದ್ದಕ್ಕೆ ಕಾರಿನದು ಅಂತ ಹೇಳಿ ಸಾಕಾಯಿತಂತೆ. ಭಾನುವಾರ ಬೆಳಗ್ಗೆ ಶರ್ಟ್ ಬಿಚ್ಚಿ ಗಾಡಿ ಕೆಳಗೆ ನುಗ್ಗಿದೆ. ಹೊಸ ಕ್ಲಾಂಪ್ ತೋಳಿನ ಮೇಲೆ ಕೂರಲ್ಲ. ಬಾರ್‌ನ ಬಾಗು ಒಂದು ಕಡೆ, ತೋಳು ಇನ್ನೊಂದು ಕಡೆ. ಎರಡು ಗಂಟೆ ಒದ್ದಾಡಿದೆ. ತಮ್ಮ ಸುತ್ತಿಗೆ ತರಲಾ ಅಂದ, ಅಲ್ಲಿಗೆ ನಿಲ್ಲಿಸಿದೆ.

ಆರ್‌ಸಿಯಲ್ಲಿ ಸ್ಪಷ್ಟವಾಗಿ 1966 ಇದೆಯಲ್ಲ?

ಗ್ರೀಸ್‌ಗನ್

ಆರ್‌ಸಿಯಲ್ಲಿ ಇರುವುದು ನಂಬರ್ ಬಿದ್ದ ವರ್ಷವೂ ಆಗಿರಬಹುದು. ಜರ್ಮನಿಯಿಂದ ಹಡಗು ಹತ್ತಿ ಬಂದು, ಬಂದರಿನಲ್ಲಿ ಕಾದು, ಯಾರದೋ ಕೈ ಸೇರಿ ನಂಬರ್ ಬೀಳುವಷ್ಟರಲ್ಲಿ ಕ್ಯಾಲೆಂಡರ್ ಬದಲಾಗಿರುತ್ತೆ. ತಪ್ಪು ನಂದೂ ಇದೆ. ನೀವು 1200 ಅಂದಾಗಲೇ ನಾನು ಕೇಳಬೇಕಿತ್ತು, 66ರ ಮಾಡೆಲ್ ಆಗಿದ್ದರೆ 1300 ಎಂಜಿನ್ ಇರುವ ಸಾಧ್ಯತೆ ಜಾಸ್ತಿ.

ಹಿಂದಿನ ಸೀಟ್ ಎತ್ತಿ. ಮಧ್ಯದ ಸುರಂಗದ ಮೇಲೆ ಚಾಸಿ ನಂಬರ್ ಕೊರೆದಿರುತ್ತೆ. ಒಂಬತ್ತು ಅಂಕಿ. ಮೊದಲ ಎರಡು 11, ಅಂದರೆ ಬೀಟಲ್. ಮೂರನೆಯದು ಮಾಡೆಲ್ ವರ್ಷ. ಅದೇನಿದೆ ಹೇಳಿ.

ದುಂಬಿ66

115.

ಗ್ರೀಸ್‌ಗನ್

ಹೋಯ್ತು. 65ರ ಮಾಡೆಲ್.

ಕಂಪನಿಯವರ ಮಾಡೆಲ್ ವರ್ಷ ಹಿಂದಿನ ಆಗಸ್ಟ್‌ನಲ್ಲೇ ಶುರು. 1965ರ ಆಗಸ್ಟ್‌ನಿಂದ ಬೀಟಲ್‌ಗೆ ಬಾಲ್ ಜಾಯಿಂಟ್ (ಗುಂಡಿನಂಥ ಕೀಲು) ಇರುವ ಬೀಮ್ ಬಂತು. ಅದಕ್ಕೆ ಮುಂಚಿನದೆಲ್ಲ ಕಿಂಗ್ ಪಿನ್, ಲಿಂಕ್ ಪಿನ್. ಚಕ್ರದ ಹಿಂದೆ ಇಣುಕಿ ನೋಡಿ, ದಪ್ಪ ಪಿನ್ ನೆಟ್ಟಗೆ ನಿಂತಿರುತ್ತೆ, ಅದಕ್ಕೆ ಗ್ರೀಸ್ ಹೊಡೆಯುವ ನಿಪ್ಪಲ್ ಇರುತ್ತೆ. ಬೀಮ್ ಬೇರೆ, ತೋಳು ಬೇರೆ, ಆದ್ದರಿಂದ ಬಾರ್ ಕಿಟ್ಟೂ ಬೇರೆ. ಅಂಗಡಿಯವರು ಎರಡನ್ನೂ ಬೇರೆ ಬೇರೆ ನಂಬರಿನಲ್ಲೇ ಮಾರುತ್ತಾರೆ. ಬಗ್ಗಿಸಿ ಕೂರಿಸಲು ಹೋಗಬೇಡಿ. ಬಿಸಿ ಮಾಡಿ ಬಗ್ಗಿಸುವುದಂತೂ ಬೇಡವೇ ಬೇಡ, ಸ್ಪ್ರಿಂಗ್ ಉಕ್ಕಿನ ಹದ ಹೋಗುತ್ತೆ. ಆಮೇಲೆ ಅದು ಕಿಟಕಿ ಸರಳು.

ಓದುತ್ತಿರುವ ಬೇರೆಯವರಿಗೂ ಒಂದು ಮಾತು. 1302, 1303 ಸೂಪರ್ ಬೀಟಲ್ ಇದ್ದರೆ ಈ ಎರಡೂ ಕಿಟ್ ಆಗಲ್ಲ. ಅವಕ್ಕೆ ಬೀಮೇ ಇಲ್ಲ, ಸ್ಟ್ರಟ್, ಅಂದರೆ ಸ್ಪ್ರಿಂಗೂ ಶಾಕೂ ಒಂದೇ ಕಂಬದಲ್ಲಿ. 1302ರಲ್ಲಿ ಆ ಬಾರ್‌ಗೆ ಇನ್ನೊಂದು ಕೆಲಸವೂ ಇದೆ, ಕೆಳಗಿನ ತೋಳು ಹಿಂದೆ ಮುಂದೆ ಆಡದ ಹಾಗೆ ಹಿಡಿಯುವುದೂ ಅದೇ.

ಪುತ್ತೂರ್_ಹುಳ

ದುಂಬಿ ಅಣ್ಣ, ನನ್ನದು 68. ಬಾಲ್ ಜಾಯಿಂಟ್. 😄

ದೇವರೇ ಕಳಿಸಿದ ಹಾಗೆ ಉಂಟು. ಬಂದ ಬೆಲೆಗೇ ನನಗೆ ಕೊಡಿ. ಮೇಲಿಂದ ಎರಡು ಕಟ್ಟು ಹಲಸಿನ ಹಪ್ಪಳ.

ದುಂಬಿ66

ಹಪ್ಪಳ ಮೂರು ಕಟ್ಟಾದರೆ ಮಾತು ಮುಗಿಯಿತು. ಹೆಸರು ಮಾತ್ರ ದುಂಬಿ66 ಅಂತಲೇ ಇರಲಿ, ಅಭ್ಯಾಸ ಆಗಿಬಿಟ್ಟಿದೆ.

ದುಂಬಿ66 (ನಾಲ್ಕು ತಿಂಗಳ ನಂತರ)

ಸರಿಯಾದ ಕಿಟ್ ಬಂತು, ಹಾಕಿಯೂ ಆಯಿತು. ಮುಂದೆ ಯಾರಿಗಾದರೂ ಬೇಕಾಗುತ್ತೆ ಅಂತ ಉದ್ದಕ್ಕೆ ಬರೆಯುತ್ತಿದ್ದೇನೆ. ಓದಲು ಬೇಜಾರಾದರೆ ಕೆಳಗೆ ಹಾರಿ.

ಮೂರು ದಿನ ಮುಂಚೆಯೇ ಹಳೇ ಕ್ಲಾಂಪ್‌ಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹೊಡೆಯುತ್ತಾ ಬಂದೆ, ಬೆಳಗ್ಗೆ ಒಂದು ಸಲ, ರಾತ್ರಿ ಒಂದು ಸಲ. ಗಾಡಿ ಮುಂದೆ ಎತ್ತಿ ಬೀಮ್ ಕೆಳಗೆ ಎರಡೂ ಕಡೆ ಸ್ಟ್ಯಾಂಡ್ ಕೊಟ್ಟೆ. ಹಿಂದಿನ ಚಕ್ರಕ್ಕೆ ಕಲ್ಲು. ಇಲ್ಲಿ ಒಂದು ವಿಷಯ, ಒಂದೇ ಕಡೆ ಎತ್ತಿ ಕೆಲಸ ಮಾಡಲು ಹೋಗಬೇಡಿ. ಒಂದು ಚಕ್ರ ನೇತಾಡಿ ಇನ್ನೊಂದು ನೆಲದ ಮೇಲಿದ್ದರೆ ಬಾರ್ ಆಗಲೇ ತಿರುಚಿಕೊಂಡಿರುತ್ತೆ, ಕ್ಲಾಂಪ್ ಬಿಚ್ಚಿದ ಕೂಡಲೇ ಕೈಗೆ ಹೊಡೆಯುತ್ತೆ. ಎರಡೂ ನೇತಾಡಬೇಕು, ಇಲ್ಲ ಎರಡೂ ಕೂತಿರಬೇಕು.

ಫ್ಯಾಕ್ಟರಿ ಕ್ಲಾಂಪಿಗೆ ಬೋಲ್ಟ್ ಇಲ್ಲ. ತಗಡನ್ನು ಸುತ್ತಿ, ಎರಡು ಅಂಚನ್ನೂ ಸೇರಿಸಿ, ಮೇಲಿಂದ ಒಂದು ಜಾರು ಪಟ್ಟಿ ತೊಡಿಸಿರುತ್ತಾರೆ. ಆ ಪಟ್ಟಿಗೆ ಚಿಕ್ಕ ನಾಲಿಗೆ, ಅದನ್ನು ಮಡಚಿ ಬೀಗ ಹಾಕಿರುತ್ತಾರೆ. ನಾಲಿಗೆಯನ್ನು ಉಳಿಯಿಂದ ನೆಟ್ಟಗೆ ಮಾಡಿ, ಪಟ್ಟಿಯ ಅಂಚಿಗೆ ಉಳಿ ಇಟ್ಟು ಸುತ್ತಿಗೆಯಿಂದ ಸಣ್ಣಗೆ ತಟ್ಟುತ್ತಾ ಹೋದರೆ ಜಾರಿ ಬರಬೇಕು. ಬಲಗಡೆ ಎರಡೂ ಹತ್ತು ನಿಮಿಷದಲ್ಲಿ ಬಂದವು. ಎಡಗಡೆಯದು ಒಂದು ಜಾರಲೇ ಇಲ್ಲ, ಕೊನೆಗೆ ಹ್ಯಾಕ್‌ಸಾ ಬ್ಲೇಡ್ ಬಟ್ಟೆಯಲ್ಲಿ ಹಿಡಿದು ಕೊಯ್ದೆ. ಕೊಯ್ಯುವಾಗ ಪಕ್ಕದಲ್ಲೇ ಬ್ರೇಕ್ ಹೋಸ್ ಇದೆ ಅನ್ನೋದು ನೆನಪಿರಲಿ. ಲಾರಿ ಟ್ಯೂಬಿನ ಫಿಟ್ಟಿಂಗ್ ಕಟಿಂಗ್ ಪ್ಲೇಯರ್‌ನಲ್ಲಿ ಒಂದೇ ಏಟಿಗೆ ಬಂತು. ಆ ಪುಣ್ಯಾತ್ಮನ ಕೆಲಸವೇ ಎಲ್ಲಕ್ಕಿಂತ ಸಲೀಸು!

ಹಳೇ ಬಾರ್ ಕೈಗೆ ಬಂತು. ತೋಳುಗಳನ್ನು ವೈರ್ ಬ್ರಷ್‌ನಿಂದ ಉಜ್ಜಿ, ಕ್ಲಾಂಪ್ ಕೂರುವ ಜಾಗಕ್ಕೆ ಒಂದು ಕೋಟ್ ಪೇಂಟ್ ಹೊಡೆದು, ಊಟ ಮಾಡಿ ಬಂದೆ.

ಹೊಸ ಬುಷ್ ಪಾಲಿಯುರೇಥೇನ್, ಕೆಂಪು ಬಣ್ಣ, ಒಂದು ಕಡೆ ಸೀಳಿರುತ್ತೆ. ಸೀಳು ಬಿಡಿಸಿ ಒಳಗೆ ಸಿಲಿಕೋನ್ ಗ್ರೀಸ್ ಸವರಿ ಬಾರ್‌ಗೆ ತೊಡಿಸುವುದು. ಆಮೇಲೆ ಕ್ಲಾಂಪ್, ಇದಕ್ಕೆ ಬೋಲ್ಟ್ ಇದೆ. ನಾಲ್ಕನ್ನೂ ಕೈಬಿಗಿಯಲ್ಲೇ ಬಿಟ್ಟೆ. ಬಾರ್ ಎಡಬಲ ಸಮ ಇದೆಯಾ ಅಂತ ಟೇಪ್ ಹಿಡಿದು ನೋಡಿದೆ, ಒಂದು ಕಡೆ ಬೆರಳಿನಷ್ಟು ಜಾಸ್ತಿ ಇತ್ತು, ಸರಿಸಿದೆ. ಆಮೇಲೆ ಒಂದೊಂದಕ್ಕೂ ಸ್ವಲ್ಪ ಸ್ವಲ್ಪ ಬಿಗಿ, ಒಂದನ್ನೇ ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋಗಲಿಲ್ಲ. ಸ್ಟೀರಿಂಗ್ ಈ ಕೊನೆಯಿಂದ ಆ ಕೊನೆಗೆ ತಿರುಗಿಸಿ ಟೈರ್, ಹೋಸ್ ಎಲ್ಲೂ ತಾಗಲ್ಲ ಅಂತ ಖಾತ್ರಿ ಮಾಡಿಕೊಂಡೆ. ಗಾಡಿ ಇಳಿಸಿ, ಮುಂದೆ ನಾಲ್ಕು ಸಲ ಒತ್ತಿ ಕುಣಿಸಿ, ಚಕ್ರದ ಮೇಲೆ ಭಾರ ಇದ್ದ ಹಾಗೇ ಕೊನೆಯ ಬಿಗಿ ಕೊಟ್ಟೆ.

ಬೆಳಗ್ಗೆ ಒಂಬತ್ತಕ್ಕೆ ಶುರು, ಸಂಜೆ ನಾಲ್ಕು. ಇದರಲ್ಲಿ ಹೊಸದು ಹಾಕಿದ್ದು ಒಂದು ಗಂಟೆ. ಮಿಕ್ಕಿದ್ದೆಲ್ಲ ಹಳೆಯದು ಬಿಚ್ಚಿದ್ದು.

ಸುಮ್ನೆ_ನೋಡ್ತೀನಿ

ಓಡಿಸಿದ್ದು ಹೇಳಿ ಸರ್! ಅದಕ್ಕೇ ಕಾಯುತ್ತಿದ್ದೇನೆ.

ದುಂಬಿ66

ಮಾರನೇ ದಿನ ಬೆಳಗ್ಗೆ ಆರಕ್ಕೆ ಚಾಮುಂಡಿ ಬೆಟ್ಟ. ಆ ಹೊತ್ತಿಗೆ ಮೆಟ್ಟಿಲು ಹತ್ತುವವರು ಬಿಟ್ಟರೆ ಯಾರೂ ಇರಲ್ಲ. ಮೊದಲ ತಿರುವಿಗೇ ಗೊತ್ತಾಯಿತು. ಮುಂಚೆ ಸ್ಟೀರಿಂಗ್ ತಿರುಗಿಸಿದರೆ ಗಾಡಿ ಮೊದಲು ವಾಲುತ್ತಿತ್ತು, ಆಮೇಲೆ ಯೋಚನೆ ಮಾಡಿ ತಿರುಗುತ್ತಿತ್ತು. ಈಗ ಆ ಯೋಚನೆ ಇಲ್ಲ. ಬಾಗಿಲಿಗೆ ಮೊಣಕೈ ಒತ್ತಿಕೊಂಡು ಕೂರುವುದು ಅಭ್ಯಾಸವಾಗಿತ್ತು, ಅದರ ಅಗತ್ಯವೇ ಬೀಳಲಿಲ್ಲ.

ಇಳಿಯುವಾಗ ಒಂದು ಕಡೆ ಟಕ್ ಟಕ್ ಶಬ್ದ. ಹಳ್ಳ ಬಂದಾಗ ಮಾತ್ರ, ಎಡಗಡೆ. ಹೊಟ್ಟೆ ಧಸಕ್ ಅಂತು. ಮನೆಗೆ ಬಂದು ಕೆಳಗೆ ಮಲಗಿ ನೋಡಿದರೆ ಎಡಗಡೆಯ ಒಳ ಕ್ಲಾಂಪ್ ಹತ್ತಿರ ತೋಳಿನ ಮೇಲೆ ನಾನೇ ಬಳಿದ ಹೊಸ ಪೇಂಟ್ ಕಾಸಗಲ ಹೋಗಿ ಹೊಳೆಯುತ್ತಿತ್ತು. ಬುಷ್ ಒಂದು ಅಂಚಿನಲ್ಲಿ ಮಡಚಿಕೊಂಡು ಕ್ಲಾಂಪ್ ಪೂರ್ತಿ ಮುಚ್ಚಿರಲಿಲ್ಲ. ಬಿಗಿ ಬಂತು ಅಂದುಕೊಂಡಿದ್ದು ಸುಳ್ಳು ಬಿಗಿ. ಬಿಚ್ಚಿ ಬುಷ್ ಸರಿಯಾಗಿ ಕೂರಿಸಿ ಮತ್ತೆ ಬಿಗಿದೆ. ಶಬ್ದ ಹೋಯಿತು. ನೂರು ಕಿಲೋಮೀಟರ್ ಆದಮೇಲೆ ಮತ್ತೊಮ್ಮೆ ಪಾನಾ ಹಾಕಿದೆ, ಎರಡು ಬೋಲ್ಟ್ ಕಾಲು ಸುತ್ತು ತೆಗೆದುಕೊಂಡವು.

ಗುಂಡಿಯ ವಿಷಯ ಗ್ರೀಸ್‌ಗನ್ ಸರ್ ಹೇಳಿದ ಹಾಗೇ. ಒಂದು ಚಕ್ರ ಗುಂಡಿಗೆ ಬಿದ್ದರೆ ಗಾಡಿ ತಲೆ ಅಲ್ಲಾಡಿಸುತ್ತೆ, ಮುಂಚೆ ಇಷ್ಟಿರಲಿಲ್ಲ. ನೇರ ಹಂಪ್‌ನಲ್ಲಿ ಏನೂ ವ್ಯತ್ಯಾಸ ಇಲ್ಲ.

ಗ್ರೀಸ್‌ಗನ್

ಚೆನ್ನಾಗಿ ಮಾಡಿದ್ದೀರಿ. ಆರು ತಿಂಗಳ ನಂತರ ಕೀ ಕೀ ಅಂದರೆ ಗಾಬರಿಯಾಗಬೇಡಿ, ಪಾಲಿ ಬುಷ್‌ನ ಗ್ರೀಸ್ ಒಣಗಿದೆ ಅಂತ ಅರ್ಥ. ಯಾರಾದರೂ ಕಂಪನಿ ರಬ್ಬರ್ ಬುಷ್ ಇಟ್ಟುಕೊಂಡಿದ್ದರೆ ಅದಕ್ಕೆ ಮಾಮೂಲಿ ಗ್ರೀಸ್ ಹಚ್ಚಬೇಡಿ, ರಬ್ಬರ್ ಉಬ್ಬಿ ಹಾಳಾಗುತ್ತೆ.

ಇನ್ನೊಂದು ಎಚ್ಚರಿಕೆ. ಈಗ ಗಾಡಿ ವಾಲಲ್ಲ ಅಂತ ಧೈರ್ಯ ಬಂದಿರುತ್ತೆ. ವಾಲುವುದು ಎಚ್ಚರಿಕೆ ಗಂಟೆ ಆಗಿತ್ತು, ನೀವು ಗಂಟೆ ಸಣ್ಣ ಮಾಡಿದ್ದೀರಿ. ಸ್ವಿಂಗ್ ಆಕ್ಸಲ್ ಅಲ್ಲೇ ಇದೆ. ತಿರುವಿಗೆ ಮುಂಚೆಯೇ ಸ್ಪೀಡ್ ಇಳಿಸಿ, ತಿರುವಿನೊಳಗೆ ಸಣ್ಣಗೆ ಆಕ್ಸಿಲರೇಟರ್ ಇಟ್ಟುಕೊಂಡೇ ಹೋಗಿ.

ಹಾಸನದ_ಹಳೇಬ

ಆರ್‌ಟಿಒ ಕಡೆಯಿಂದ ಏನೂ ತೊಂದರೆ ಇಲ್ವಾ? 2021ರಲ್ಲಿ ಬಂದ ವಿಂಟೇಜ್ ನಿಯಮದಲ್ಲಿ ಗಾಡಿ ಮೂಲ ರೂಪದಲ್ಲೇ ಇರಬೇಕು ಅಂತ ಇದೆಯಲ್ಲ.

ಮಿಷಿಗನ್ ಮಾವ

ಅದನ್ನು ನಾನೂ ಓದಿದೆ, ಊರಲ್ಲಿ ಅಣ್ಣನ ಗಾಡಿ ಇದೆ. 50 ವರ್ಷ ದಾಟಿರಬೇಕು, ಚಾಸಿ, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷ ನಡೆಯುತ್ತೆ, ಆಮೇಲೆ ನವೀಕರಣಕ್ಕೆ 5,000. ನಂಬರಿನಲ್ಲಿ ವಿಎ ಅಂತ ಬರುತ್ತೆ. ಆದರೆ ಆ ನಂಬರ್ ತೆಗೆದುಕೊಂಡರೆ ದಿನಾ ಓಡಿಸುವಂತಿಲ್ಲ, ರ‍್ಯಾಲಿ, ಪ್ರದರ್ಶನ, ಪೆಟ್ರೋಲ್, ರಿಪೇರಿ ಇಂಥದ್ದಕ್ಕೆ ಮಾತ್ರ. ದುಂಬಿಯವರ ಹಾಗೆ ಕಿತ್ತಳೆ ತರಲು ಹೋಗುವವರಿಗೆ ಮಾಮೂಲಿ ನಂಬರೇ ಸರಿ. ಬಾರ್ ಬೋಲ್ಟ್‌ನಲ್ಲಿ ಕೂತಿದೆ, ಒಂದು ವೆಲ್ಡಿಂಗ್ ಇಲ್ಲ, ಕೊರೆದಿಲ್ಲ. ನನ್ನ ಪ್ರಕಾರ ಹಳೇ ಬಾರ್ ಎಸೆಯದೆ ಇಟ್ಟುಕೊಂಡರೆ ಸಾಕು.

ದುಂಬಿ66

ಎಸೆದಿಲ್ಲ ಮಾವ. ಎಣ್ಣೆ ಸವರಿ ಶೆಡ್ಡಿನ ಗೋಡೆಗೆ ನೇತುಹಾಕಿದ್ದೇನೆ. ಬೈಂಡಿಂಗ್ ವೈರ್ ಸಮೇತ.

ಪುತ್ತೂರ್_ಹುಳ

ನನ್ನದೂ ಹಾಕಿ ಆಯಿತು ಅಣ್ಣ. ಬಾಲ್ ಜಾಯಿಂಟ್ ಬೀಮ್‌ಗೆ ತಕರಾರೇ ಇಲ್ಲದೆ ಕೂತಿತು. ಚಾರ್ಮಾಡಿಯಲ್ಲಿ ಹೆಂಡತಿ ಕಣ್ಣು ಬಿಟ್ಟುಕೊಂಡೇ ಬಂದಳು, ಜಲಪಾತ ತೋರಿಸಿದಳು. ಜೋರು ಮಳೆಯಲ್ಲಿ ಮಾತ್ರ ಜಾಗ್ರತೆ. ಮುಂಚೆ ಹಿಂದೆ ಜಾರುತ್ತಿದ್ದದ್ದು ಈಗ ಮೂತಿ ತಿರುಗದೆ ನೇರ ಹೋಗುವ ಹಾಗೆ ಆಗುತ್ತದೆ. ಆದರೆ ಅದು ಮೊದಲೇ ಗೊತ್ತಾಗುತ್ತದೆ, ಕಾಲು ಸ್ವಲ್ಪ ಸಡಿಲ ಮಾಡಿದರೆ ತಿರುಗುತ್ತದೆ.

ಒಂದೇ ಬೇಜಾರು. ನಮ್ಮ ಮನೆ ಹತ್ತಿರದ ದೊಡ್ಡ ಹಂಪ್‌ಗೆ ಬಾರ್ ಕೆರೆಯುತ್ತದೆ. ಓರೆಯಾಗಿ ಹತ್ತಿಸಿದರೂ ಕೆರೆಯುತ್ತದೆ, ಮೇಲಿಂದ ಗಾಡಿ ಇಡೀ ಅಲ್ಲಾಡುತ್ತದೆ. ಏನು ಮಾಡುವುದು?

ದುಂಬಿ66

ಓರೆಯಾಗಿ ಹತ್ತಿಸಿದರೆ ಒಂದು ಚಕ್ರ ಮೊದಲು ಏಳುತ್ತೆ, ಬಾರ್ ತಿರುಚುತ್ತೆ, ಕಂಬಳಿ ಹಿಂಡಿದ ಹಾಗೆ. ನೇರ ಹತ್ತಿಸಿ, ಫಸ್ಟ್ ಗೇರಿನಲ್ಲಿ, ಬ್ರೇಕಿನಿಂದ ಕಾಲು ತೆಗೆದು. ಬ್ರೇಕ್ ಒತ್ತಿಕೊಂಡೇ ಹತ್ತಿಸಿದರೆ ಮೂತಿ ತಗ್ಗಿ ಕೆರೆಯುತ್ತೆ. ನಾನೂ ಮೊದಲು ಹಾಗೇ ಮಾಡುತ್ತಿದ್ದೆ.

ಆಮೇಲೆ, ಅಮ್ಮ ಮೊನ್ನೆ ಗಾಡಿ ಹತ್ತಿದರು. ನಂಜನಗೂಡಿನವರೆಗೆ ಮಾತ್ರ. ಹಿಂದಿನ ಸೀಟಿನಲ್ಲಿ ಕೂತರು, ಮುಂದೆ ಬರಲ್ಲ ಅಂದರು. ನಿಮ್ಮ ಹಪ್ಪಳ ಎರಡು ಕಟ್ಟು ಖಾಲಿ, ಮೂರನೆಯದು ಇನ್ನೂ ಬಂದೇ ಇಲ್ಲ ನೋಡಿ.